ಓದುಗರ ಪ್ರಶ್ನೆ: ಲವಾಸಿಯೆಯನ್ನು ಕೊಂದದ್ದು ಯಾರು?

ಕಳೆದ ಸಂಚಿಕೆಯಲ್ಲಿ ಆಮ್ಲಜನಕದ ಬಗ್ಗೆ ಬರೆಯುವಾಗ, ಅದಕ್ಕೆ ಹೆಸರಿಟ್ಟ ಲವಾಸಿಯೆಯನ್ನು ಫ್ರಾನ್ಸಿನ ಕ್ರಾಂತಿಯ ಕಾಲದಲ್ಲಿ ಗಿಲೊಟಿನ್ನಿಗೆ ಕೊಟ್ಟರೆಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ್ದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಓದುಗರು ಆ ವಾಕ್ಯವನ್ನು ಹಾಗೆ ಬಿಟ್ಟುಕೊಡಲಿಲ್ಲ. ಬಂದ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: "ಗಣರಾಜ್ಯಕ್ಕೆ ವಿಜ್ಞಾನಿಗಳು ಬೇಕಾಗಿಲ್ಲ" ಎಂದು ಹೇಳಿ ನ್ಯಾಯಾಧೀಶರು ಲವಾಸಿಯೆಗೆ ಮರಣದಂಡನೆ ವಿಧಿಸಿದರೆಂದು ನಮ್ಮ ಉಪನ್ಯಾಸಕರು ಹೇಳಿದರು. ಅಂಥ ದೊಡ್ಡ ವಿಜ್ಞಾನಿಯನ್ನು ಕೊಲ್ಲುವಂಥ ಸಿಟ್ಟು ಜನರಿಗೆ ಏಕೆ ಬಂತು? (ಪಿಯುಸಿ ವಿದ್ಯಾರ್ಥಿನಿ, ಬಾಗಲಕೋಟೆ)

ಆ ಮಾತನ್ನು ನಾನೂ ಅನೇಕ ವರ್ಷ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅದನ್ನು ಇವತ್ತು ಹಿಂದಕ್ಕೆ ಪಡೆಯುವುದು ನನ್ನ ಕರ್ತವ್ಯ. ಕಾಫಿನಾಲ್ ಎಂಬ ನ್ಯಾಯಾಧೀಶನ ಹೆಸರಿಗೆ ಅಂಟಿಕೊಂಡಿರುವ ಆ ಮಾತನ್ನು ವಿಚಾರಣೆಯಲ್ಲಿ ಯಾರಾದರೂ ಆಡಿದರೆಂಬುದಕ್ಕೆ ಆ ದಿನದ ಪುರಾವೆಯಿಲ್ಲ. ಅದು ನಂತರದವರು ಸೇರಿಸಿದ ಕಥೆಯೆಂಬುದೇ ಇತಿಹಾಸಕಾರರ ಅಭಿಪ್ರಾಯ. ಲವಾಸಿಯೆ ಸತ್ತದ್ದು ವಿಜ್ಞಾನಿಯಾಗಿ ಅಲ್ಲ, ಜಕಾತಿ ವಸೂಲಿಯ ಪಾಲುದಾರನಾಗಿ.

ಆಗಿನ ಫ್ರಾನ್ಸಿನಲ್ಲಿ ಉಪ್ಪು, ತಂಬಾಕು, ಪಟ್ಟಣದೊಳಗೆ ಬರುವ ಸರಕು ಇವುಗಳ ಮೇಲಿನ ತೆರಿಗೆಯನ್ನು ಸರಕಾರ ತಾನೇ ಎತ್ತುತ್ತಿರಲಿಲ್ಲ. ಸಿರಿವಂತರ ಒಂದು ಕೂಟ ರಾಜನಿಗೆ ಮುಂಗಡವಾಗಿ ಹಣ ಕಟ್ಟಿ, ಜನರಿಂದ ವಸೂಲು ಮಾಡುವ ಹಕ್ಕನ್ನು ಇಜಾರೆಗೆ ಹಿಡಿಯುತ್ತಿತ್ತು. ಕಟ್ಟಿದ್ದಕ್ಕಿಂತ ಹೆಚ್ಚು ಬಂದರೆ ಅದು ಕೂಟದ ಲಾಭ. ಊರ ಬಾಗಿಲ ಜಕಾತಿ ನಾಕಾದಲ್ಲಿ ಎತ್ತಿನ ಬಂಡಿ ನಿಲ್ಲಿಸಿ ಕಾಯ್ದ ನೆನಪು ನಮ್ಮ ಭಾಗದ ಹಿರಿಯರಿಗೆ ಇನ್ನೂ ಇದೆ. ಆ ನಾಕಾ ಖಾಸಗಿಯವರ ಕೈಯಲ್ಲಿತ್ತೆಂದೂ, ಅವರ ಸಿಬ್ಬಂದಿಗೆ ಮನೆ ಹೊಕ್ಕು ಉಪ್ಪು ಹುಡುಕುವ ಅಧಿಕಾರವಿತ್ತೆಂದೂ ಊಹಿಸಿಕೊಂಡರೆ ಜನರ ಸಿಟ್ಟು ಅರ್ಥವಾಗುತ್ತದೆ. 1768ರಲ್ಲಿ ಲವಾಸಿಯೆ ಈ ಕೂಟದಲ್ಲಿ ಪಾಲು ಕೊಂಡ. ಪ್ರಯೋಗಾಲಯದ ದುಬಾರಿ ಉಪಕರಣಗಳಿಗೆಲ್ಲ ಬಂದದ್ದು ಆ ಹಣ. ಕಳ್ಳಸಾಗಣೆ ತಡೆಯಲು ಪ್ಯಾರಿಸ್ಸಿನ ಸುತ್ತ ಗೋಡೆ ಕಟ್ಟಿಸಬೇಕೆಂಬ ಸಲಹೆಯೂ ಅವನದೇ, ಮತ್ತು ಜನರು ಆ ಗೋಡೆಯನ್ನು ಎಂದೂ ಮರೆಯಲಿಲ್ಲ. ಬೆಂಕಿಯ ಸ್ವರೂಪದ ಬಗ್ಗೆ ಮಾರಾ ಎಂಬ ವೈದ್ಯ ಬರೆದದ್ದನ್ನು ಲವಾಸಿಯೆ ಹಿಂದೊಮ್ಮೆ ತಳ್ಳಿಹಾಕಿದ್ದ. ಅದೇ ಮಾರಾ ಕ್ರಾಂತಿಯ ಕಾಲದಲ್ಲಿ ಪತ್ರಿಕೆ ನಡೆಸುವವನಾಗಿ 1791ರಲ್ಲಿ ಅವನ ಮೇಲೆ ಹರಿಹಾಯ್ದ.

1793ರ ನವೆಂಬರ್ 24ರಂದು ಈ ಇಜಾರೆದಾರರನ್ನೆಲ್ಲ ಬಂಧಿಸುವ ಆದೇಶವಾಯಿತು. ನಾಲ್ಕು ದಿನ ಕಳೆದ ಮೇಲೆ ಲವಾಸಿಯೆ ತಾನಾಗಿ ಹೋಗಿ ಶರಣಾದ. 1794ರ ಮೇ 8ರಂದು ವಿಚಾರಣೆ ನಡೆದು, ಅದೇ ದಿನ ಇಪ್ಪತ್ತೆಂಟು ಮಂದಿಗೆ ಶಿಕ್ಷೆಯೂ ಜಾರಿಯಾಯಿತು. ಅವನ ಹೆಂಡತಿಯ ತಂದೆಯೂ ಆ ಸಾಲಿನಲ್ಲಿದ್ದರು. ತಂಬಾಕಿಗೆ ನೀರು ಬೆರೆಸಿ ತೂಕ ಹೆಚ್ಚಿಸಿದರೆಂಬುದು ಆರೋಪಗಳಲ್ಲಿ ಒಂದು. ಲವಾಸಿಯೆಗೆ ಆಗ ಐವತ್ತು ವರ್ಷ.

ಇಲ್ಲಿ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಬೇಕು. ಜನರ ಸಿಟ್ಟು ಆಧಾರವಿಲ್ಲದ್ದಾಗಿರಲಿಲ್ಲ, ಆ ಇಜಾರೆ ಪದ್ಧತಿ ಬಡವರ ರಕ್ತ ಹೀರಿದ್ದು ನಿಜ. ಆದರೆ ಇಪ್ಪತ್ತೆಂಟು ಜನರಲ್ಲಿ ಯಾರು ಏನು ಮಾಡಿದರೆಂದು ಬೇರೆಬೇರೆಯಾಗಿ ಕೇಳದೆ, ಬೆಳಿಗ್ಗೆ ಕಟಕಟೆಗೆ ತಂದವರನ್ನು ಅಂದೇ ಬಂಡಿಯಲ್ಲಿ ಸಾಗಿಸುವುದಕ್ಕೆ ನ್ಯಾಯವೆನ್ನಲು ಬರುವುದಿಲ್ಲ. ಆ ತಲೆಯನ್ನು ಕೆಡವಲು ಒಂದು ಕ್ಷಣ ಸಾಕಾಯಿತು, ಅಂಥದ್ದೊಂದು ಮತ್ತೆ ಹುಟ್ಟಲು ನೂರು ವರ್ಷವೂ ಸಾಲದೇನೋ ಎಂದು ಗಣಿತಜ್ಞ ಲಗ್ರಾಂಜ್ ಮರುದಿನ ಹೇಳಿದರಂತೆ. ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. 1787ರಲ್ಲಿ ಲವಾಸಿಯೆಯ ಜೊತೆ ಕುಳಿತು ರಸಾಯನಶಾಸ್ತ್ರಕ್ಕೆ ಹೊಸ ಹೆಸರುಗಳ ಪದ್ಧತಿಯನ್ನು ಕಟ್ಟಿದವರು ಮೂವರು: ಗಿಟೋನ್ ದ ಮೊರ್ವೊ, ಬರ್ತೊಲೆ ಮತ್ತು ಫೂರ್ಕ್ರ್ವಾ. ಅವರಲ್ಲಿ ಗಿಟೋನ್ ಮತ್ತು ಫೂರ್ಕ್ರ್ವಾ ಕ್ರಾಂತಿಯ ಶಾಸನಸಭೆಯ ಸದಸ್ಯರೇ ಆಗಿದ್ದರು. ಫೂರ್ಕ್ರ್ವಾ ಅವನ ಪರವಾಗಿ ಬೇಡಿಕೊಂಡನೋ ಬಾಯಿ ಮುಚ್ಚಿಕೊಂಡನೋ ಎಂಬುದರಲ್ಲಿ ಇಂದಿಗೂ ಒಮ್ಮತವಿಲ್ಲ. ಆದರೆ ಸಭೆಯಲ್ಲಿ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಅವನ ಪರವಾಗಿ ಯಾರೂ ಮಾತನಾಡಲಿಲ್ಲ.

ಪ್ರಶ್ನೆ: ನಾನು ದಿನವೂ ಬಳಸುವ ಕಿಲೋ ಕಲ್ಲು ಫ್ರಾನ್ಸಿನ ಆ ಕ್ರಾಂತಿಯಿಂದಲೇ ಬಂದದ್ದು ಎನ್ನುತ್ತಾರೆ. ಹಾಗಿದ್ದರೆ ಆ ಕ್ರಾಂತಿ ವಿಜ್ಞಾನದ ವೈರಿ ಹೇಗಾಯಿತು? (ಕಿರಾಣಿ ವ್ಯಾಪಾರಿ, ರವಿವಾರಪೇಟೆ, ಬೆಳಗಾವಿ)

ಬಹಳ ಒಳ್ಳೆಯ ಪ್ರಶ್ನೆ, ಏಕೆಂದರೆ ಆ ಕಿಲೋದ ಹಿಂದೆಯೂ ಲವಾಸಿಯೆಯೇ ಇದ್ದಾನೆ. ಊರಿಗೊಂದು ಸೇರು, ಪೇಟೆಗೊಂದು ಮಣ ಇದ್ದ ಗೊಂದಲ ನಮ್ಮಲ್ಲಿದ್ದಂತೆ ಫ್ರಾನ್ಸಿನಲ್ಲೂ ಇತ್ತು. ಅದನ್ನು ತೊಡೆದು ಎಲ್ಲ ಕಾಲಕ್ಕೂ ಎಲ್ಲ ಜನರಿಗೂ ಸಲ್ಲುವ ಒಂದೇ ಅಳತೆಯನ್ನು ತರಬೇಕೆಂಬ ಹಂಬಲ ಕ್ರಾಂತಿಯದೇ; ಅದರ ಹಿರಿಮೆಯನ್ನು ಅಲ್ಲಗಳೆಯಬಾರದು. ಇಂತಿಷ್ಟು ಗಾತ್ರದ ಶುದ್ಧ ನೀರಿನ ತೂಕವನ್ನೇ ಆಧಾರವಾಗಿಟ್ಟುಕೊಳ್ಳಬೇಕೆಂದು ತೀರ್ಮಾನವಾದಾಗ, ಆ ನೀರನ್ನು ಬಟ್ಟಿಯಿಳಿಸಿ ತೂಗುವ ಕೆಲಸ ಲವಾಸಿಯೆ ಮತ್ತು ಹಾಯ್ ಎಂಬ ಪಾದ್ರಿ ವಿಜ್ಞಾನಿಯ ಪಾಲಿಗೆ ಬಂತು.

ನಾನು ಪಾಠ ಹೇಳುತ್ತಿದ್ದ ಕಾಲೇಜಿನ ಪ್ರಯೋಗಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಂದು ಹಳೆಯ ತಕ್ಕಡಿಯಿತ್ತು. ಬಾಗಿಲು ತೆರೆದಿದ್ದರೆ ಉಸಿರಿನ ಗಾಳಿಗೂ ಅದರ ಮುಳ್ಳು ಅಲುಗುತ್ತಿತ್ತು. ಬೆರಳಿನ ಬೆವರು ತಾಗಿದರೂ ತೂಕ ಬದಲಾಗುತ್ತದೆಂದು ಸಣ್ಣ ತೂಕದ ಬೊಟ್ಟುಗಳನ್ನು ಚಿಮಟದಲ್ಲಿ ಹಿಡಿದು ಇಡಬೇಕಾಗಿತ್ತು. ಉರಿದ ವಸ್ತು ಮಾಯವಾಗುವುದಿಲ್ಲ, ಗಾಳಿಯ ಒಂದು ಪಾಲನ್ನು ಸೇರಿಸಿಕೊಳ್ಳುತ್ತದೆ ಎಂಬುದನ್ನು ಲವಾಸಿಯೆ ಸಾಬೀತುಪಡಿಸಿದ್ದು ಇಂಥ ತಕ್ಕಡಿಯಿಂದ, ವಾದದಿಂದಲ್ಲ. ಅಂಥ ಕೈಯನ್ನು ಅವರು ಸೆರೆಮನೆಗೆ ತಳ್ಳಿದರು.

ವಿಜ್ಞಾನ ಅಕಾಡೆಮಿಯನ್ನು 1793ರ ಆಗಸ್ಟ್ 8ರಂದೇ ಮುಚ್ಚಿದ್ದರು. ಲವಾಸಿಯೆ ಸೆರೆಯಾದ ಮೇಲೆ, ಅಳತೆಯ ಕೆಲಸಕ್ಕೆ ಆತ ಬೇಕೇ ಬೇಕು ಎಂದು ಅಳತೆಯ ಸಮಿತಿಯಲ್ಲಿದ್ದ ಬೋರ್ದಾ ಮತ್ತು ಹಾಯ್ ಡಿಸೆಂಬರಿನಲ್ಲಿ ಮನವಿ ಬರೆದರು. ಉತ್ತರ ಕೆಲವೇ ದಿನಗಳಲ್ಲಿ ಬಂತು: ಗಣರಾಜ್ಯದ ಸದ್ಗುಣ ಮತ್ತು ರಾಜರ ಮೇಲಿನ ದ್ವೇಷ ಯಾರಲ್ಲಿ ಸಾಕಷ್ಟಿದೆಯೋ ಅವರಿಗೆ ಮಾತ್ರ ಇಂಥ ಕೆಲಸವನ್ನು ಒಪ್ಪಿಸತಕ್ಕದ್ದೆಂದು ಹೇಳಿ, ಲವಾಸಿಯೆಯ ಜೊತೆಗೆ ಬೋರ್ದಾ, ಲಾಪ್ಲಾಸ್, ಕೂಲಂಬ್, ಬ್ರಿಸೋನ್, ದಲಾಂಬ್ರ ಇವರನ್ನೂ ಸಮಿತಿಯಿಂದ ತೆಗೆದುಹಾಕಲಾಯಿತು. ನೀರನ್ನು ತೂಗುವುದಕ್ಕೆ ರಾಜದ್ವೇಷ ಏಕೆ ಬೇಕೆಂದು ಕೇಳುವ ಸ್ಥಿತಿಯಲ್ಲಿ ಆಗ ಯಾರೂ ಇರಲಿಲ್ಲ. ಪ್ಲಾಟಿನಮ್ಮಿನ ಕಿಲೋಗ್ರಾಮ್ ಕೊನೆಗೆ ಸಿದ್ಧವಾದದ್ದು 1799ರಲ್ಲಿ. ನಮ್ಮ ದೇಶದಲ್ಲಿ 1956ರಲ್ಲಿ ಕಾನೂನಾಗಿ, 1958ರ ಅಕ್ಟೋಬರಿನಿಂದ ಪೇಟೆಗಳಿಗೆ ಕಿಲೋ ಕಾಲಿಟ್ಟಿತು. ಆದ್ದರಿಂದ ಆ ಕ್ರಾಂತಿಯನ್ನು ವಿಜ್ಞಾನದ ವೈರಿ ಎಂದು ನಾನು ಹೇಳಲಾರೆ. ಅದಕ್ಕೆ ವಿಜ್ಞಾನದ ಫಲ ಬೇಕಾಗಿತ್ತು. ವಿಜ್ಞಾನಿ ಮೊದಲು ತನ್ನವನಾಗಿರಬೇಕೆಂದು ಹಟ ಹಿಡಿದದ್ದೇ ಅದರ ತಪ್ಪು.

ಪ್ರಶ್ನೆ: ಕ್ರಾಂತಿಯ ಪರವಾಗಿದ್ದ ವಿಜ್ಞಾನಿಗಳಾದರೂ ಸುರಕ್ಷಿತವಾಗಿದ್ದರೇ? (ವಕೀಲರು, ಬೆಳಗಾವಿ)

ಇರಲಿಲ್ಲ. ಬಾಯಿ ಎಂಬ ಖಗೋಳಜ್ಞ 1789ರಲ್ಲಿ ಕ್ರಾಂತಿಯ ಮುಂಚೂಣಿಯಲ್ಲಿದ್ದು ಪ್ಯಾರಿಸ್ಸಿನ ಮೊದಲ ಮೇಯರ್ ಆದವನು. ಅದಕ್ಕೆ ಎರಡು ವರ್ಷ ಮೊದಲು, ಅಂದರೆ 1787ರಲ್ಲಿ, ಭಾರತದ ಜ್ಯೋತಿಷ ಕೋಷ್ಟಕಗಳನ್ನು ಅಭ್ಯಾಸ ಮಾಡಿ ನಮ್ಮ ಖಗೋಳಶಾಸ್ತ್ರದ ಬಗ್ಗೆ ದೊಡ್ಡ ಗ್ರಂಥವನ್ನೇ ಬರೆದಿದ್ದ ಎಂಬುದು ನಮ್ಮವರಿಗೆ ಹೆಚ್ಚು ಗೊತ್ತಿಲ್ಲ. 1791ರ ಜುಲೈ 17ರಂದು ಜನಜಂಗುಳಿಯ ಮೇಲೆ ಗುಂಡು ಹಾರಿದ ಘಟನೆಯ ಹೊಣೆ ಮೇಯರ್ ಆದ ಅವನ ತಲೆಗೆ ಬಂತು. 1793ರ ನವೆಂಬರ್ 12ರಂದು ಕೊರೆಯುವ ಮಳೆಯಲ್ಲಿ ಬಹಳ ಹೊತ್ತು ನಿಲ್ಲಿಸಿ ಅವನನ್ನು ಕೊಂದರು. ಗಣಿತಜ್ಞ ಕೊಂದೋರ್ಸೆ ಕ್ರಾಂತಿಯ ಪರವಾಗಿಯೇ ಇದ್ದು, ಬಂಧನದ ಆದೇಶವಾದ ಮೇಲೆ ತಿಂಗಳುಗಟ್ಟಲೆ ಒಬ್ಬ ವಿಧವೆಯ ಮನೆಯಲ್ಲಿ ಅಡಗಿದ್ದ. ಅಲ್ಲಿ ಕುಳಿತು ಮಾನವ ಬುದ್ಧಿಯ ಪ್ರಗತಿಯ ಕುರಿತ ಗ್ರಂಥವನ್ನು ಬರೆದ; ಹೊರಬಿದ್ದ ಕೆಲವೇ ದಿನಗಳಲ್ಲಿ, 1794ರ ಮಾರ್ಚಿನಲ್ಲಿ, ಸೆರೆಕೋಣೆಯಲ್ಲಿ ಶವವಾಗಿ ಸಿಕ್ಕ.

ಇನ್ನೊಂದು ದಿಕ್ಕಿನ ಉದಾಹರಣೆಯನ್ನೂ ಕೊಡದೆ ಹೋದರೆ ಮಾತು ಅರ್ಧವಾಗುತ್ತದೆ. ಆಮ್ಲಜನಕವನ್ನು ಬೇರ್ಪಡಿಸಿದ ಇಂಗ್ಲೆಂಡಿನ ಪ್ರೀಸ್ಟ್ಲಿ ಫ್ರಾನ್ಸಿನ ಕ್ರಾಂತಿಯನ್ನು ಬೆಂಬಲಿಸಿದ್ದಕ್ಕಾಗಿ, 1791ರ ಜುಲೈ 14ರಂದು ಬರ್ಮಿಂಗ್‌ಹ್ಯಾಮಿನಲ್ಲಿ ರಾಜನಿಗೆ ಜಯಕಾರ ಹಾಕುತ್ತ ಬಂದ ಗುಂಪು ಅವನ ಮನೆ, ಪುಸ್ತಕ, ಪ್ರಯೋಗಾಲಯ ಎಲ್ಲವನ್ನೂ ಹಾಳುಗೆಡವಿತು. ಲವಾಸಿಯೆ ಸತ್ತ ವರ್ಷದಲ್ಲೇ ಪ್ರೀಸ್ಟ್ಲಿ ಹಡಗು ಹತ್ತಿ ಅಮೆರಿಕಕ್ಕೆ ಹೋದ. ಒಂದೇ ಗಾಳಿಯನ್ನು ಅರಿತ ಇಬ್ಬರಲ್ಲಿ ಒಬ್ಬನನ್ನು ಕ್ರಾಂತಿ ಕೊಂದರೆ, ಇನ್ನೊಬ್ಬನನ್ನು ಕ್ರಾಂತಿಯ ಭಯ ಊರು ಬಿಡಿಸಿತು.

ಪ್ರಶ್ನೆ: ಬೀಜ ಕೂಡಿಹಾಕಿದ ಒಬ್ಬ ರಷ್ಯನ್ ವಿಜ್ಞಾನಿಯನ್ನು ಜೈಲಿನಲ್ಲಿ ಉಪವಾಸ ಕೆಡವಿ ಕೊಂದರೆಂದು ಕೃಷಿ ಮೇಳದಲ್ಲಿ ಕೇಳಿದೆ. ಬೀಜ ಕೂಡಿಹಾಕುವುದು ಅಪರಾಧ ಹೇಗೆ? (ಹಿಂಗಾರಿ ಜೋಳ ಬೆಳೆಯುವ ರೈತ, ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ)

ಅವರ ಹೆಸರು ನಿಕೊಲಾಯ್ ವಾವಿಲೊವ್. ಲವಾಸಿಯೆಯ ವಿಷಯದಲ್ಲಿ ವಿಜ್ಞಾನ ಅಪರಾಧವಾಗಿರಲಿಲ್ಲವೆಂದು ಮೇಲೆ ಹೇಳಿದೆ. ವಾವಿಲೊವರ ವಿಷಯದಲ್ಲಿ ವಿಜ್ಞಾನವೇ ಅಪರಾಧವಾಯಿತು. ಅದಕ್ಕಾಗಿ ಈ ಉತ್ತರ ಸ್ವಲ್ಪ ಉದ್ದವಾದರೂ ತಾವು ಓದಬೇಕು.

ಒಂದು ಬೆಳೆಯ ತಳಿಗಳು ಎಲ್ಲಿ ಅತಿ ಹೆಚ್ಚು ಬಗೆಯಲ್ಲಿ ಸಿಗುತ್ತವೆಯೋ ಅಲ್ಲಿಯೇ ಆ ಬೆಳೆಯ ತವರು ಇರಬೇಕೆಂದು ವಾವಿಲೊವ್ 1926ರಲ್ಲಿ ವಾದಿಸಿದರು. ಭತ್ತ, ಕಬ್ಬುಗಳ ತವರೆಂದು ಭಾರತವನ್ನೂ, ತಮ್ಮ ಹೊಲದ ಜೋಳಕ್ಕೆ ಅಬಿಸೀನಿಯಾವನ್ನೂ (ಇಂದಿನ ಇಥಿಯೋಪಿಯಾ) ಅವರು ಗುರುತಿಸಿದರು. ರೋಗ ಮತ್ತು ಬರಗಳನ್ನು ತಾಳಿಕೊಳ್ಳುವ ಗುಣ ಆ ತವರಿನ ಹಳೆಯ ತಳಿಗಳಲ್ಲಿ ಅಡಗಿರುತ್ತದೆಂದು ನಂಬಿ, ದೇಶದೇಶ ಸುತ್ತಿ ಲೆನಿನ್‌ಗ್ರಾಡಿನ ಸಂಸ್ಥೆಯಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಾದರಿಗಳನ್ನು ಕೂಡಿಸಿದರು. ಅವರನ್ನು ಎತ್ತರಕ್ಕೇರಿಸಿದ್ದೂ ಸೋವಿಯತ್ ಸರಕಾರವೇ ಎಂಬುದನ್ನು ಮರೆಯಬಾರದು.

ಆದರೆ ತಳಿ ಸುಧಾರಣೆಗೆ ಹತ್ತಾರು ವರ್ಷ ಬೇಕು, 1932–33ರ ಘೋರ ಬರಗಾಲವನ್ನು ಕಂಡ ಸರಕಾರಕ್ಕೆ ಮರುವರ್ಷವೇ ಫಸಲು ಬೇಕಾಗಿತ್ತು. ಆಗ ಲೈಸೆಂಕೊ ಎಂಬಾತ ಮುಂದೆ ಬಂದ. ಗೋದಿ ಬೀಜವನ್ನು ನೆನೆಸಿ ತಂಪಿನಲ್ಲಿಟ್ಟು ಬಿತ್ತಿದರೆ ತೆನೆ ಬೇಗ ಬರುತ್ತದೆಂದು ಆತ ಹೇಳಿದ. ಅಷ್ಟರ ಮಟ್ಟಿಗೆ ಅದು ನಿಜ. ಹಾಗೆ ಪಳಗಿಸಿದ ಗುಣ ಮುಂದಿನ ಪೀಳಿಗೆಗೂ ಇಳಿಯುತ್ತದೆಂದೂ, ವಂಶವಾಹಿ ಎಂಬುದೇ ಸಿರಿವಂತ ದೇಶಗಳು ಕಟ್ಟಿದ ಸುಳ್ಳೆಂದೂ ಮುಂದುವರಿದು ಸಾರಿದ, ಅದು ನಿಜವಲ್ಲ. ತಾವೇ ಯೋಚಿಸಿ: ಬೀಜೋಪಚಾರ ಮಾಡಿ ಬಿತ್ತಿದ ಜೋಳ ಚೆನ್ನಾಗಿ ಬಂತೆಂದು, ಅದರ ತೆನೆಯಿಂದ ತೆಗೆದ ಬೀಜಕ್ಕೆ ಬರುವ ವರ್ಷ ಉಪಚಾರವೇ ಬೇಡವೆನ್ನುತ್ತೀರಾ? ಹೊಲದಲ್ಲಿ ಅಕ್ಕಪಕ್ಕ ಬಿತ್ತಿ ಹೋಲಿಸಿ ನೋಡುವ ಬದಲು, ಸಾಮೂಹಿಕ ಕೃಷಿ ಕ್ಷೇತ್ರಗಳಿಗೆ ಪ್ರಶ್ನಾವಳಿ ಕಳಿಸಿ, ಹೆದರಿದ ಅಧಿಕಾರಿಗಳು ತುಂಬಿಕೊಟ್ಟ ಅಂಕಿಗಳನ್ನೇ ಆತ ಸಾಕ್ಷ್ಯವೆಂದು ತೋರಿಸಿದ. 1938ರಲ್ಲಿ ಕೃಷಿ ವಿಜ್ಞಾನ ಅಕಾಡೆಮಿಯ ಅಧ್ಯಕ್ಷನಾದ. ವಾವಿಲೊವ್ ತಮ್ಮ ಮಾತಿನಿಂದ ಹಿಂದೆ ಸರಿಯಲಿಲ್ಲ.

1940ರ ಆಗಸ್ಟ್ 6ರಂದು, ಪಶ್ಚಿಮ ಉಕ್ರೇನಿನ ಗುಡ್ಡಗಳಲ್ಲಿ ಬೀಜ ಹುಡುಕಲು ಹೋದವರನ್ನು ಕಪ್ಪು ಕಾರಿನಲ್ಲಿ ಬಂದವರು ಕರೆದೊಯ್ದರು. ಮಾಸ್ಕೋದಿಂದ ತುರ್ತು ಕರೆ ಬಂದಿದೆಯೆಂದು ಜೊತೆಗಾರರು ತಿಳಿದರು. ಅಂದು ಸಂಗ್ರಹಿಸಿದ್ದನ್ನು ವಿಂಗಡಿಸಲು ಅವರು ಕೂತಾಗ, ವಾವಿಲೊವರ ಚೀಲದಲ್ಲಿ ಆ ಗುಡ್ಡಗಾಡಿನ ಒಂದು ಹಳೆಯ, ಅರೆಕಾಡು ಗೋದಿಯ ತೆನೆಗಳ ಕಟ್ಟು ಸಿಕ್ಕಿತು. ಗೂಢಚರ್ಯೆ, ಕೃಷಿಯ ವಿಧ್ವಂಸ ಮುಂತಾದ ಆರೋಪಗಳ ಮೇಲೆ 1941ರ ಜುಲೈಯಲ್ಲಿ ಮರಣದಂಡನೆಯಾಗಿ, ಮುಂದೆ ಅದು ಇಪ್ಪತ್ತು ವರ್ಷದ ಸೆರೆಯಾಯಿತು. 1943ರ ಜನವರಿ 26ರಂದು ಸರಾತೊವ್ ಜೈಲಿನಲ್ಲಿ, ಹೊಟ್ಟೆಗಿಲ್ಲದೆ ಸೊರಗಿ ವಾವಿಲೊವ್ ತೀರಿಕೊಂಡರು. ಲೋಕದ ಹಸಿವಿಗೆ ಉತ್ತರ ಹುಡುಕಿ ಐದು ಖಂಡ ತಿರುಗಿದವರು ಹಸಿದು ಸತ್ತದ್ದನ್ನು ಬರೆಯುವಾಗ ನನ್ನ ಕೈ ನಿಲ್ಲುತ್ತದೆ.

ಅದೇ ಹೊತ್ತಿನಲ್ಲಿ ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ಮುತ್ತಿತ್ತು. 872 ದಿನಗಳ ಆ ಮುತ್ತಿಗೆಯಲ್ಲಿ ಸಂಸ್ಥೆಯ ನೌಕರರು ಅಕ್ಕಿ, ಶೇಂಗಾ, ಗೋದಿಯ ಡಬ್ಬಿಗಳ ನಡುವೆ ಕಾವಲು ಕುಳಿತು, ಒಂದು ಕಾಳನ್ನೂ ಬಾಯಿಗೆ ಹಾಕದೆ ಒಬ್ಬರಾದ ಮೇಲೊಬ್ಬರು ಪ್ರಾಣ ಬಿಟ್ಟರು. ಶೇಂಗಾ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ಶ್ಚೂಕಿನ್ ತಮ್ಮ ಮೇಜಿನ ಮುಂದೆಯೇ ಕೊನೆಯುಸಿರೆಳೆದರು. ಅಕ್ಕಿಯ ಹೊಣೆ ಹೊತ್ತಿದ್ದ ಇವಾನೊವ್ ಸತ್ತಾಗ ಸುತ್ತಲೂ ಅಕ್ಕಿಯ ಚೀಲಗಳಿದ್ದವು. ಇದನ್ನು ಬೇರೆ ಓದುಗರಿಗೆ ವಿವರಿಸಬೇಕಾದೀತು, ತಮಗಲ್ಲ. 1791–92ರ ಡೋಗಿ ಬರದಲ್ಲಿ ದಾರಿದಾರಿಗೆ ತಲೆಬುರುಡೆ ಬಿದ್ದ ಸೀಮೆ ನಮ್ಮದು. ಮನೆಯಲ್ಲಿ ಒಲೆ ಹೊತ್ತದ ದಿನವೂ ಬೂದಿ ಬೆರೆಸಿ, ಬೇವಿನ ಎಲೆ ಹಾಕಿ ಗಡಿಗೆಯಲ್ಲಿಟ್ಟ ಬೀಜದ ಕಾಳನ್ನು ಮುಟ್ಟಬಾರದೆಂದು ಕಟ್ಟುನಿಟ್ಟು ಮಾಡಿದ ಅಜ್ಜಿಯರ ಮಾತು ತಮ್ಮ ಮನೆಯಲ್ಲೂ ಉಳಿದಿರಬಹುದು. ವಾವಿಲೊವ್ ನಿರ್ದೋಷಿಯೆಂದು ಸರಕಾರ 1955ರಲ್ಲಿ ಒಪ್ಪಿಕೊಂಡಿತು. ಆ ಸಂಸ್ಥೆಗೆ ಇಂದು ಅವರದೇ ಹೆಸರಿದೆ.

ಪ್ರಶ್ನೆ: ಚೀನಾದ ಸಾಂಸ್ಕೃತಿಕ ಕ್ರಾಂತಿಯಲ್ಲೂ ಹೀಗೆಯೇ ಆಯಿತೇ? (ಪದವಿ ವಿದ್ಯಾರ್ಥಿ, ಜಮಖಂಡಿ)

ಆಯಿತು, ಮತ್ತು ಅಲ್ಲಿ ದೇಶಕ್ಕೆ ತುರ್ತಾಗಿ ಬೇಕಾಗಿದ್ದವರೂ ಉಳಿಯಲಿಲ್ಲ. ಕ್ಷಿಪಣಿಗಳಿಗೆ ಬೇಕಾದ ವಸ್ತುಗಳ ತಜ್ಞ ಯಾವೊ ತೊಂಗ್‌ಬಿನ್ ಅವರನ್ನು 1968ರ ಜೂನ್ 8ರಂದು ಎರಡು ಬಣಗಳ ಜಗಳದ ನಡುವೆ ಹೊಡೆದು ಕೊಂದರು. ಆ ಬಳಿಕ ಪ್ರಧಾನಿ ಝೌ ಎನ್‌ಲಾಯ್ ಮುಖ್ಯ ವಿಜ್ಞಾನಿಗಳ ರಕ್ಷಣೆಗೆ ಪಟ್ಟಿ ಮಾಡಿಸಿದರು. ಉಪಗ್ರಹ ಯೋಜನೆಗೆ ಅಡಿಪಾಯ ಹಾಕಿದ ಝಾವೊ ಜಿಯುಝಾಂಗ್ ಅವಮಾನ ತಾಳಲಾರದೆ ಅದೇ ವರ್ಷ ಅಕ್ಟೋಬರಿನಲ್ಲಿ ಪ್ರಾಣ ಕಳೆದುಕೊಂಡರು. ಚೀನಾದ ಮೊದಲ ಉಪಗ್ರಹ 1970ರ ಏಪ್ರಿಲ್ 24ರಂದು ಮೇಲೇರಿತು. 1999ರಲ್ಲಿ ಇಪ್ಪತ್ಮೂರು ವಿಜ್ಞಾನಿಗಳಿಗೆ ಸರಕಾರ ದೊಡ್ಡ ಪದಕ ಕೊಟ್ಟಾಗ ಈ ಇಬ್ಬರ ಹೆಸರೂ ಆ ಪಟ್ಟಿಯಲ್ಲಿತ್ತು.

ಪ್ರಶ್ನೆ: ಹೀಗೆ ದೇಶ ಬಿಟ್ಟವರಿಗೆ ನಮ್ಮ ನಾಡು ಆಶ್ರಯ ಕೊಟ್ಟದ್ದುಂಟೇ? (ನಿವೃತ್ತ ಶಿಕ್ಷಕಿ, ಗೋಕಾಕ)

ಕೊಡುವ ಪ್ರಯತ್ನ ನಡೆದಿತ್ತು. 1933ರಲ್ಲಿ ಅಧಿಕಾರ ಹಿಡಿದ ನಾಜಿಗಳು ಅದನ್ನು ರಾಷ್ಟ್ರೀಯ ಕ್ರಾಂತಿಯೆಂದೇ ಕರೆದುಕೊಂಡು, ಏಪ್ರಿಲ್ 7ರ ಕಾನೂನಿನ ಮೂಲಕ ಯಹೂದಿ ಪ್ರಾಧ್ಯಾಪಕರನ್ನು ಹುದ್ದೆಗಳಿಂದ ಹೊರಹಾಕಿದರು. ಕ್ವಾಂಟಮ್ ಸಿದ್ಧಾಂತದ ಶಿಲ್ಪಿಗಳಲ್ಲಿ ಒಬ್ಬರಾದ ಮ್ಯಾಕ್ಸ್ ಬಾರ್ನ್ ಹಾಗೆ ನೆಲೆ ತಪ್ಪಿದವರು. ಸಿ.ವಿ. ರಾಮನ್ ಅವರ ಕರೆಯ ಮೇರೆಗೆ 1935–36ರಲ್ಲಿ ಕೆಲವು ತಿಂಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಅವರಿಗೆ ಅಲ್ಲಿಯೇ ಕಾಯಂ ಹುದ್ದೆ ಕೊಡಬೇಕೆಂದು ರಾಮನ್ ಹಟ ಹಿಡಿದರು. ಸಭೆಯಲ್ಲಿ ವಿರೋಧ ಬಂತು, ಕೆಲಸ ಆಗಲಿಲ್ಲ. ಬಾರ್ನ್ ಎಡಿನ್‌ಬರೋಕ್ಕೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ನಮ್ಮ ನಾಡಿನ ವಿಜ್ಞಾನಕ್ಕೆ ತಪ್ಪಿಹೋದ ಅವಕಾಶಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ತೋಚುವುದಿಲ್ಲ.

ಪ್ರಶ್ನೆ: ಇಷ್ಟೆಲ್ಲ ಅನ್ಯಾಯದ ನಡುವೆ ಒಬ್ಬ ವಿಜ್ಞಾನಿಯನ್ನಾದರೂ ಇನ್ನೊಬ್ಬ ವಿಜ್ಞಾನಿ ಉಳಿಸಿಕೊಂಡ ಉದಾಹರಣೆ ಇದೆಯೇ? (ಗ್ರಂಥಪಾಲಕರು, ಅಥಣಿ)

ಇದೆ. 1938ರ ಏಪ್ರಿಲ್ 28ರಂದು ಮಾಸ್ಕೋದಲ್ಲಿ ಮೂವತ್ತು ವರ್ಷದ ಭೌತವಿಜ್ಞಾನಿ ಲೆವ್ ಲಂಡೌ ಅವರನ್ನು ಪೊಲೀಸರು ಹಿಡಿದರು. ಜನ ಹೆದರಿ ಪಕ್ಕದ ಮನೆಯವರ ಹೆಸರೆತ್ತಲೂ ಹಿಂಜರಿಯುತ್ತಿದ್ದ ಕಾಲವದು. ಲಂಡೌ ಕೆಲಸ ಮಾಡುತ್ತಿದ್ದ ಸಂಸ್ಥೆಯ ಮುಖ್ಯಸ್ಥ ಪ್ಯೋತರ್ ಕಪಿತ್ಸಾ ಅದೇ ದಿನ ನೇರವಾಗಿ ಸ್ಟಾಲಿನ್‌ಗೆ ಪತ್ರ ಬರೆದರು. ಲಂಡೌ ಅವರ ಒರಟು ನಾಲಗೆಯಿಂದ ವೈರಿಗಳು ಹುಟ್ಟಿದ್ದಾರೆಂಬುದನ್ನು ಒಪ್ಪಿಕೊಂಡು, ಇಂಥ ಬುದ್ಧಿಶಕ್ತಿಯ ನಷ್ಟವನ್ನು ದೇಶ ತುಂಬಿಕೊಳ್ಳಲಾರದೆಂದು ತಿಳಿಸಿದರು. ಉತ್ತರ ಬರಲಿಲ್ಲ. ವರ್ಷವಾದ ಮೇಲೆ ಪ್ರಧಾನಿ ಮೊಲೊಟೊವ್‌ಗೆ ಮತ್ತೆ ಬರೆದರು. ದ್ರವ ಹೀಲಿಯಮ್ಮಿನಲ್ಲಿ ತಾವು ಕಂಡ ವಿಚಿತ್ರ ಹರಿವನ್ನು ವಿವರಿಸಬಲ್ಲ ಸಿದ್ಧಾಂತಿ ಲಂಡೌ ಬಿಟ್ಟರೆ ಬೇರೆ ಯಾರೂ ಇಲ್ಲ ಎಂಬುದು ಅವರ ಮಾತಾಗಿತ್ತು. 1939ರ ಏಪ್ರಿಲಿನಲ್ಲಿ, ಲಂಡೌ ಇನ್ನು ಮುಂದೆ ಯಾವ ರಾಜದ್ರೋಹಕ್ಕೂ ಕೈಹಾಕುವುದಿಲ್ಲ ಎಂದು ಗೃಹಮಂತ್ರಿ ಬೇರಿಯಾಗೆ ಕಪಿತ್ಸಾ ಸ್ವಂತ ಜಾಮೀನು ಬರೆದುಕೊಟ್ಟು ಅವರನ್ನು ಬಿಡಿಸಿಕೊಂಡರು.

ಬಿಡುಗಡೆಯಾದ ಲಂಡೌ ಆ ಹೀಲಿಯಮ್ಮಿನ ಒಗಟನ್ನು ನಿಜವಾಗಿಯೂ ಬಿಡಿಸಿದರು. 1962ರ ನೊಬೆಲ್ ಅವರಿಗೆ ಬಂದದ್ದು ಆ ಕೆಲಸಕ್ಕಾಗಿ. ವಾವಿಲೊವರಿಗಾಗಿ ಅವರ ಗುರು ಪ್ರಿಯಾನಿಷ್ನಿಕೊವ್ ಕೂಡ ಪತ್ರ ಬರೆದರು, ಬೇರಿಯಾನನ್ನು ಕಂಡರು, ಸೆರೆಯಲ್ಲಿದ್ದ ಶಿಷ್ಯನ ಹೆಸರನ್ನು ಸ್ಟಾಲಿನ್ ಪ್ರಶಸ್ತಿಗೂ ಸೂಚಿಸಿದರು. ಅವರ ಪ್ರಯತ್ನ ಫಲಿಸಲಿಲ್ಲ. ಲಂಡೌ ಮೇಲಿನ ಆರೋಪಗಳನ್ನು ಅಧಿಕೃತವಾಗಿ ರದ್ದುಪಡಿಸಿದ್ದು 1990ರಲ್ಲಿ. ಅಷ್ಟರಲ್ಲಿ ಲಂಡೌ ತೀರಿಕೊಂಡು ಇಪ್ಪತ್ತೆರಡು ವರ್ಷ, ಕಪಿತ್ಸಾ ತೀರಿಕೊಂಡು ಆರು ವರ್ಷ ಕಳೆದಿದ್ದವು.